ಸೀಸ

ಚಿಂತಾಮಣಿ ಸಂತೆಮಾಳದ ಮೂಲೆಯಲ್ಲಿ
ಅಪ್ಪನದೊಂದು ಇದ್ದಿಲೊಲೆ, ಕೈತಿದಿ,
ಸೀಸ ಕರಗಿಸುವ ಸೌಟು.
ಸವೆದ ತೂಕದ ಕಲ್ಲುಗಳು ಅಲ್ಲಿಗೆ ಬರುತ್ತಿದ್ದವು
ಮಿಷನ್ ಆಸ್ಪತ್ರೆಗೆ ರೋಗಿಗಳು ಬರುವ ಹಾಗೆ,
ತಮ್ಮದೇನೂ ತಪ್ಪಿಲ್ಲವೆಂಬ ಮುಖ ಹೊತ್ತು.

ಕಬ್ಬಿಣದ ಕಲ್ಲಿನ ಅಡಿಗೆ ಒಂದು ಗುಳಿ ಇರುತ್ತದೆ.
ಎಷ್ಟು ಕಡಿಮೆಯೋ ಅಷ್ಟು ಸೀಸ ಅದರೊಳಗೆ,
ಮೇಲೆ ಸರ್ಕಾರದ ಮುದ್ರೆ.
ತುಂಬಿ ಮುಗಿಯುವ ತನಕ
ಎಲೀಷಪ್ಪನನ್ನು ಯಾರೂ ಮಾತಾಡಿಸುತ್ತಿರಲಿಲ್ಲ.

ಆ ವರ್ಷ ಹುಣಸೆ ಮಂಡಿಯಲ್ಲಿ ಹೊಡೆದಾಟ.
ಬೀಜ ಬಿಡಿಸಲು ಒಯ್ದ ಹಣ್ಣು ಕದ್ದಳೆಂದು
ಗಂಗುಲಮ್ಮನ ಕೂಲಿ ಹಿಡಿದರು.
ಯಾಕೆಂದು ಕೇಳಲು ಹೋದ ಅವಳ ತಮ್ಮ,
ಹಮಾಲಿ ನರ್ಸಿಂಹುಲು, ತಲೆಗೆ ಏಳು ಹೊಲಿಗೆ ಹಾಕಿಸಿಕೊಂಡ.
ಮಂಡಿಯ ಗಾಜೂ ಪುಡಿಯಾಯಿತು.
ಮೂರನೆಯ ದಿನ ಠಾಣೆಯಲ್ಲಿ ಶಾಂತಿ ಸಭೆ:
ಉದ್ದಿನ ವಡೆ, ಚಹಾ, ಎರಡು ಹಾರ.
ಶಾಂತಿ ಶಾಂತಿ ಎಂದು ಸಾಹುಕಾರರು
ಬ್ಯಾಂಡೇಜಿನ ಮೇಲೆಯೇ ಕೈಯಿಟ್ಟರು. ಫೋಟೋ ಆಯಿತು.

ಚರ್ಚಿನ ಹಿರಿಯನೆಂದು ಅಪ್ಪನನ್ನೂ ಕರೆದಿದ್ದರು, ಸಹಿಗೆ.
ಪೆನ್ನು ಹಿಡಿದುಕೊಂಡೇ ಕೇಳಿದ:
"ಆ ಹತ್ತು ಕೇಜಿ ಕಲ್ಲು ಎಲ್ಲಿ?"
ಒಂದಲ್ಲ, ಎರಡಿದ್ದವು.
ಹಣ್ಣು ಕೊಡುವಾಗಿನ ಕಲ್ಲಿನ ಗುಳಿ ಕೆತ್ತಿ
ಮೇಣ ತುಂಬಿ ಮಸಿ ಬಳಿದಿದ್ದರು.
ವಾಪಸು ತೂಗುವಾಗಿನದಕ್ಕೆ
ಆ ಸೀಸವೆಲ್ಲ ಸೇರಿತ್ತು.

"ಸಮಾಧಾನ, ಎಲೀಷಪ್ಪ, ಸಮಾಧಾನ!"
ಭುಜ ಅದುಮಿ ಕೂರಿಸಿದರು.
"ನಾನೂ ಅದನ್ನೇ ಕೇಳ್ತಿರೋದು ಸ್ವಾಮಿ"
ಅಂದ ಅಪ್ಪ, ಎದ್ದು ಬಂದ.

ಎಂಟು ತಿಂಗಳು ಯಾವ ಮಂಡಿಯ ಕಲ್ಲೂ
ನಮ್ಮ ಒಲೆಯ ಕಡೆ ತಲೆ ಹಾಕಲಿಲ್ಲ.
ಅಮ್ಮ ಮಾತಿಲ್ಲದೆ ಮುದ್ದೆ ಸಣ್ಣದು ಮಾಡಿದಳು.
ಪಾಸ್ಟರೂ ಬಂದು ಕೂತು, ಎದ್ದು ಹೋಗುವಾಗ,
ಒಂದು ಸಹಿಯಲ್ಲೇನಿತ್ತು ಅಣ್ಣ, ಅಂದರು.

ಕ್ರಿಸ್ಮಸ್ಸಿಗೆ ಹಿಂದಿನ ಭಾನುವಾರ
ಪ್ರವಾದಿಯ ಪಾಠ ಓದುವ ಸರದಿ ಅಪ್ಪನದು.
ತೋಳ ಕುರಿಯ ಪಕ್ಕ ಮಲಗುವ ದಿನ,
ಹುಟ್ಟಲಿರುವ ಕೂಸಿಗೆ ಸಮಾಧಾನದ ಪಟ್ಟ.
ಓದಿ, ಕನ್ನಡಕ ತೆಗೆದು, ಇಳಿಯದೆ ನಿಂತೇ ಇದ್ದ.

ದಾರಿಯಲ್ಲಿ ನನಗೆ ಹೇಳಿದ್ದು:
ಆ ಪ್ರವಾದಿಯ ಭಾಷೆಯಲ್ಲಿ ಸಮಾಧಾನಕ್ಕೂ
ಪೂರಾ ತೂಗುವ ಕಲ್ಲಿಗೂ ಒಂದೇ ಬೇರಂತೆ.
ನಮ್ಮ ಮಾತಲ್ಲೂ ನೋಡು, ಮೊದಲು ಸಮ,
ಮಿಕ್ಕಿದ್ದು ಆಮೇಲೆ.
ಪಂಡಿತರು ಹಾಗೆ ಬಿಡಿಸುವುದಿಲ್ಲ, ಈಗ ಬಲ್ಲೆ.
ಆದರೂ ಅರ್ಧ ನಂಬುತ್ತೇನೆ.

"ತೋಳ ಸುಮ್ನೆ ಮಲಗಿದ್ರೆ ಸಾಲ್ದು ಮಗಾ.
ತಿಂದ ಮರಿಗಳ ಲೆಕ್ಕ ಕೊಡೋರ್ಯಾರು?"
ಯಾರು, ಎಂದೆ.
ರೈಲ್ವೆ ಗೇಟಿನವರೆಗೂ ಉತ್ತರವಿಲ್ಲ. ಆಮೇಲೆ:
"ಕಡಿಮೆ ಇರೋದು ಕಲ್ಲು.
ಕರಗೋದು ಸೀಸ."
ಶಿಲುಬೆ ಎಂಬ ಮಾತು ಅವನ ಬಾಯಲ್ಲಿ ಬರಲಿಲ್ಲ.

ಗಂಗುಲಮ್ಮನ ಕೂಲಿ ಬಾಕಿಯೇ ಉಳಿಯಿತು.
ಈಗ ಮಂಡಿ ತುಂಬ ಕೆಂಪು ಅಂಕಿಯ ತಕ್ಕಡಿಗಳು;
ಮಗುಚಿ ನೋಡಲು ಅಡಿಯೇ ಇಲ್ಲ.
ಆರಾಧನೆಯ ನಡುವೆ ಪಕ್ಕದವರು ತಿರುಗಿ,
ನಿಮಗೆ ಸಮಾಧಾನ, ಎಂದು ಕೈ ಕೊಟ್ಟಾಗ
ನಾನು ಸ್ವಲ್ಪ ಹೊತ್ತು ಬಿಡುವುದಿಲ್ಲ.
ತಪ್ಪು ತಿಳಿಯಬೇಡಿ.
ಅಂಗೈ ನಡುವಿನ ಗುಳಿ
ಇನ್ನೂ ಬಿಸಿಯಿದೆಯೇ ಎಂದು ಮುಟ್ಟಿ ನೋಡುತ್ತೇನೆ.