ನಾನೂರಾ ಹನ್ನೆರಡು

ಮೊದಲು ಒಂದೇ ಪಟ್ಟಿ ಮಾಡಿದೆ.
ಪುಸ್ತಕ, ಬರೆದವರು, ಒಯ್ದವರು, ತರಗತಿ, ತಾರೀಖು
ಎಲ್ಲ ಒಂದೇ ಸಾಲಿನಲ್ಲಿ,
ಲಿಂಗಸುಗೂರು ಸಂತೆಯ ಜೀಪಿನಲ್ಲಿ ಕೂತಂತೆ.
ಏಳನೆಯ ಪುಸ್ತಕಕ್ಕೇ ಉಸಿರುಕಟ್ಟಿತು.
ಎಂಟನೇ ಬಿ ವಿಭಾಗದ ಹುಡುಗಿ ಮೂರು ಸಲ ಬಂದಳು,
ಯಂಕಮ್ಮ, ಯೆಂಕಮ್ಮ, ವೆಂಕಮ್ಮ ಆಗಿ.
ಒಬ್ಬಳನ್ನು ತಿದ್ದಿದರೆ ಇನ್ನಿಬ್ಬರು
ನಮಗೇನು ಅಂತ ನಿಂತೇ ಇದ್ದರು.

ಒಡೆಯಬೇಕು, ಅಂದೆ.
"ಏನ್ ಒಡಿತೀರಿ ಮೇಡಂ?" ಅಂದ ಹುಸೇನಪ್ಪ,
ಗೆದ್ದಲು ಹತ್ತಿದ ಕಪಾಟನ್ನು ಗೋಡೆಯಿಂದ ಸರಿಸುತ್ತ.
ಸೀಮೆಸುಣ್ಣದಲ್ಲಿ ನೆಲದ ಮೇಲೆ ಮನೆ ಬರೆದೆ:
ಇದು ಪುಸ್ತಕದ್ದು, ಇದು ಬರೆದವರದ್ದು, ನಡುವೆ ಗೆರೆ.
ಒಂದು ಪುಸ್ತಕಕ್ಕೆ ಇಬ್ಬರು, ಒಬ್ಬರಿಗೆ ಹತ್ತು ಪುಸ್ತಕ,
ಗೆರೆಗೆ ಗೆರೆ ತೊಡರಿ ಕೌದಿಯ ಹಿಂಬದಿಯಾಯಿತು.
"ನಡುವ ಒಂದು ಸಣ್ಣ ಮನಿ ಹಾಕ್ರಿ.
ಎರಡೂ ಕಡಿ ಬಾಗಲಾ ಇರ್ಲಿ."
ಬೆರಗಾಗಿ ನೋಡಿದೆ. ಆಮೇಲೆ ಹೊಳೆಯಿತು,
ಅಲಾಯಿ ದೇವರಿಗೆ ಹರಕೆ ಹೊತ್ತು ಹೆತ್ತ ಮಗ ಇವನು,
ಹಣೆಗೆ ವಿಭೂತಿ ಇಟ್ಟುಕೊಂಡೇ
ಈ ಹೆಸರಿಗೆ ಓ ಅನ್ನುವವನು.

ನಿಘಂಟು ಐದಿವೆ, ಒಂದು ಸಾಲು ಸಾಕು, ಅಂದುಕೊಂಡಿದ್ದೆ.
"ಹೆಂಗ ಸಾಕ್ರೀ?"
ಒಂದೊಂದನ್ನೇ ತಂದು ಮೇಜಿಗಿಟ್ಟ.
"ಇದು ಮಳೀಗೆ ನೆನದದ್ದು.
ಇದರಾಗ 'ಹ' ಇಲ್ಲ, ಯಾರೋ ಹರದಾರ.
ಇದರ ಅಂಚಿಗೆ ಲಂಬಾಣಿ ಶಬ್ದ ಬರಕೊಂಡಾರ ನೋಡ್ರಿ,
ಪೆನ್ಸಿಲ್ನಾಗ, 'ನೀರು' ತನಕ.
ಮುಂದ ಬರದಿಲ್ಲ."
ಉಳಿದೆರಡರ ಬಗ್ಗೆ ಕೇಳಲಿಲ್ಲ.
ನಿಘಂಟಿಗೆ ಒಂದು ಪಟ್ಟಿ, ಪ್ರತಿಗಳಿಗೆ ಬೇರೆ ಪಟ್ಟಿ.

ಕೀಲಿಗೆ ಅರ್ಥ ಇರಬಾರದು ಹುಸೇನಪ್ಪ,
ಹೆಸರು ಬದಲಾಗುತ್ತೆ, ತರಗತಿ ಬದಲಾಗುತ್ತೆ,
ಬರೀ ಒಂದು ನಂಬರು, ಇನ್ನೊಬ್ಬರಿಗೆ ಕೊಡದ ನಂಬರು,
ಅಂತ ಪಾಠ ಹೇಳುತ್ತಿದ್ದೆ.
ಅವನು ಜೇಬಿನಿಂದ ಬೀಗದ ಕೈ ತೆಗೆದ.
ಗೊಂಚಲಲ್ಲಿ ಹಿತ್ತಾಳೆಯ ಬಿಲ್ಲೆ, ಸವೆದ ೪೧೨.
ಹಟ್ಟಿಯ ಗಣಿಗೆ ಇಳಿಯುವವರ ಬಿಲ್ಲೆ:
ಇಳಿಯುವಾಗ ಒಯ್ಯಬೇಕು, ಮೇಲೆ ಬಂದು ಮೊಳೆಗೆ ಹಾಕಬೇಕು,
ಮೊಳೆ ಖಾಲಿ ಇದ್ದರೆ ಒಬ್ಬ ಇನ್ನೂ ಒಳಗಿದ್ದಾನೆ.
"ಅಪ್ಪಂದ್ರಿ. ರಿಟೈರಾದ ದಿನ ವಾಪಸ್ ಕೊಡಲಿಲ್ಲ.
ಇವತ್ತಿನ ತನಕ ಯಾರೂ ಕೇಳಿಲ್ಲ."

'ತಂದ ತಾರೀಖು' ಕಾಲಮ್ಮನ್ನು
ಯಾಕೆ ಖಾಲಿ ಬಿಡಬೇಕು ಎಂದು
ಅವನಿಗೆ ಹೇಳಬೇಕಾಗಲಿಲ್ಲ.
ಅದು ಸೊನ್ನೆಯಲ್ಲ. ಇಲ್ಲ ಅಂತಲೂ ಅಲ್ಲ.

ಸಂಜೆಗೆ ಮುಗಿಯಿತು ಅಂದೆ.
ವಿದ್ಯಾರ್ಥಿಗಳದೊಂದು ಪಟ್ಟಿ, ಶಿಕ್ಷಕರದೊಂದು.
ಅವನು ಹಳೆಯ ರಿಜಿಸ್ಟರನ್ನು ಹಿಂದುಮುಂದು ತಿರುವಿ,
ಕೊನೆಯ ರಟ್ಟಿನ ಕಡೆಯಿಂದ ತೆಗೆದು ಮುಂದಿಟ್ಟ.
"ನಂದು ಯಾವುದ್ರಾಗ ಬರ್ತೈತ್ರಿ?"

ಹತ್ತೊಂಬತ್ತು ವರ್ಷ. ಸಣ್ಣ ದುಂಡಕ್ಷರ.
ಪುಸ್ತಕ, ಒಯ್ದದ್ದು, ತಂದದ್ದು.
ಒಂದು ದಿನವೂ ತಡವಿಲ್ಲ.
'ಒಯ್ದವರು' ಎಂಬಲ್ಲಿ ಮಾತ್ರ
ಪುಟದಿಂದ ಪುಟಕ್ಕೆ
ಬರೀ ಅಡ್ಡಗೆರೆ.

ಎರಡೂ ಪಟ್ಟಿ ಅಳಿಸಿದೆ.
'ಓದುಗರು' ಅಂತ ಒಂದೇ ಬರೆದೆ.
ಮಕ್ಕಳು ಮುನ್ನೂರಾ ಎಂಬತ್ತಾರು, ಮಾಸ್ತರರು ಹದಿನಾಲ್ಕು,
ಯಂತ್ರ ತಾನೇ ಎಣಿಸಿ ಅವನಿಗೆ ೪೦೧ ಕೊಟ್ಟಿತು.
ಅಳಿಸಿ ೪೧೨ ಮಾಡಬಹುದಿತ್ತು.
ಬೆಳಗಿನಿಂದ ಹೇಳಿದ ಪಾಠ ಮರೆತು
ಬೆರಳು ಅಲ್ಲಿಗೆ ಹೋಯಿತು ಕೂಡ.

"ಬ್ಯಾಡ್ರಿ," ಅಂದ.
"ಜೂನದಾಗ ಹೊಸಾ ಹುಡುಗರು ಬರ್ತಾವ.
ಯಾವುದೋ ಕೂಸಿಗೆ ತಾನ ಬರತೈತಿ."

ಪಾಳಿಯ ಸೈರನ್ ಆಯಿತು.
ಬೀಗ ಹಾಕುವಾಗ
ಬಿಲ್ಲೆ ಒಂದು ಸಲ ಬಾಗಿಲಿಗೆ ಬಡಿಯಿತು.