ಏಳು ಮತ್ತು ಚೂರು

ಬೈತಖೋಲದ ಹರಾಜುಕಟ್ಟೆಯಲ್ಲಿ ಆ ರಾತ್ರಿ ಮೀನಿರಲಿಲ್ಲ.
ನಾವು ಕಾಯುತ್ತಿದ್ದದ್ದು ಒಂದು ಫೋನಿಗೆ.
ನಾಳೆ ಮೂರು ಗಂಟೆಗೆ ನಾಮಪತ್ರದ ಬಾಗಿಲು ಮುಚ್ಚುತ್ತದೆ,
ಬಿ ಫಾರಂ ಇನ್ನೂ ದಿಲ್ಲಿಯಲ್ಲೋ ಬೆಂಗಳೂರಲ್ಲೋ
ಯಾರದೋ ಸೂಟ್‌ಕೇಸಿನಲ್ಲಿ
ಹೆಸರಿನ ಜಾಗ ಖಾಲಿ ಇಟ್ಟುಕೊಂಡು ಮಲಗಿದೆ.

ಆಗ ಘನಶ್ಯಾಮ ತಾಂಡೇಲ,
ಹಡಗಿನ ಅಡುಗೆಯವ, ರಜೆಗೆ ಬಂದವ,
ಸಾರಿಗೆ ಉಪ್ಪು ಹೆಚ್ಚಾದರೆ ಸಮುದ್ರವನ್ನು ದೂರುವವ,
ಹ್ಯೂಸ್ಟನ್ ಬಂದರಿನ ನಾವಿಕರ ಕೋಣೆಯಲ್ಲಿ
ಟಿವಿ ನೋಡಿದ ಕಥೆ ತೆಗೆದ.

ಅಲ್ಲಿ ಟಿಕೆಟ್ಟು ಮೇಲಿಂದ ಇಳಿಯುವುದಿಲ್ಲವಂತೆ.
ಪಕ್ಷದ ಹುರಿಯಾಳು ಯಾರೆಂದು
ಮೊದಲು ಊರೂರೇ ಓಟು ಹಾಕುತ್ತದಂತೆ.
ಓಟಿಗೂ ಮುಂಚಿನ ಓಟು.
ಒಂದು ಸೀಮೆಯಲ್ಲಂತೂ ಹಿಮ ಬೀಳುವ ರಾತ್ರಿ
ಶಾಲೆಯ ಆಟದ ಹಾಲಿಗೆ ಬಂದು
ಇವನ ಕಡೆಯವರು ಈ ಮೂಲೆ, ಅವಳ ಕಡೆಯವರು ಆ ಮೂಲೆ,
ಕೋಟು ಬಿಚ್ಚದೆ ನಿಂತು ತಲೆ ಎಣಿಸಿಕೊಳ್ಳುತ್ತಿದ್ದರಂತೆ.
ನೂರಕ್ಕೆ ಹದಿನೈದು ತುಂಬದ ಮೂಲೆ ಮುರಿಯಿತು;
ಅಲ್ಲಿದ್ದವರು ಬೇರೆ ಮೂಲೆಗೆ ನಡೆಯಬೇಕು,
ನಡೆಯುವವರ ತೋಳನ್ನು ನೆರೆಯವರು ಎಳೆಯಬಹುದು.

ತುಳಸಕ್ಕ ಕವಳ ಉಗುಳಿ ಬಂದಳು:
"ಎಲ್ಲರ ಮುಖದೆದುರಿಗೇ ನಿಲ್ಲಬೇಕೋ?
ಮರುದಿನ ಸಾಲ ಕೊಡುವವರು ಯಾರು ಅವರಿಗೆ?"
"ಟಿವಿಯಲ್ಲಿ ಅಷ್ಟು ತೋರಿಸಲಿಲ್ಲ" ಅಂದ ಅಡುಗೆಯವ.

ಹೊತ್ತು ಹೋಗಬೇಕಲ್ಲ. ನಾವೂ ನಿಂತೆವು.

ಐಸ್ ಪೆಟ್ಟಿಗೆಯ ಮೂಲೆ ದತ್ತಾರಾಮನದು,
ಜಟ್ಟಿಯ ಜಗಳದಲ್ಲಿ ಹಲ್ಲು ಕಳೆದುಕೊಂಡವನದು.
ಬಲೆಯ ರಾಶಿಯ ಮೂಲೆ ಉಜ್ವಲಾಬಾಯಿಯದು.
ತಕ್ಕಡಿಯ ಮೂಲೆ ವಕೀಲ ಫೆಲಿಕ್ಸನದು;
ಅವನ ಕಡೆಯವರು ತಾವೇ ಅಚ್ಚರಿಪಟ್ಟು
ಒಬ್ಬರನ್ನೊಬ್ಬರು ನೋಡಿಕೊಂಡರು.
ಬೋಟಿನ ಧಣಿಯ ಮೂಲೆಗೆ ಅವನ ಕಲಾಸಿಗಳು
ಧಣಿಯ ಕಣ್ಣು ನೋಡಿಕೊಂಡೇ ಹೋದರು,
ಒಬ್ಬ ಮಾತ್ರ ಅರ್ಧ ದಾರಿಯಲ್ಲಿ
ಕಾಲಲ್ಲೇ ಇದ್ದ ಚಪ್ಪಲಿ ಹುಡುಕುತ್ತ ನಿಂತ.

"ಶೇವಂತಿ, ನೀನು ಎಣಿಸು."

ಐಸ್ ಫ್ಯಾಕ್ಟರಿಯ ಗುಮಾಸ್ತೆ ನಾನು.
ಇಪ್ಪತ್ತೆರಡು ವರ್ಷ ಬೂತಿನ ಪಟ್ಟಿ ನನ್ನದೇ ಅಕ್ಷರ:
ಸತ್ತವರಿಗೆ ಗೆರೆ, ಮದುವೆಯಾಗಿ ಹೋದವರಿಗೆ ಬಾಣ,
ಗೋವೆಗೆ ದುಡಿಯಲು ಹೋದವರಿಗೆ ಚುಕ್ಕಿ.
ನೀರಿಗೆ ಹೋಗಿ ತಿರುಗಿ ಬಾರದವರಿಗೆ
ಏನು ಗುರುತು ಹಾಕಬೇಕೆಂದು
ಯಾರೂ ಹೇಳಿಕೊಟ್ಟಿಲ್ಲ.

ಹದಿನೆಂಟು. ಹದಿಮೂರು. ಎಂಟು. ಏಳು.
ನಲವತ್ತಾರು.
ಏಳರ ಮೂಲೆ ಉಳಿಯಿತು, ಕೂದಲೆಳೆಯಲ್ಲಿ.

ಆಮೇಲೆ ನೆನಪಾಯಿತು, ಕಟ್ಟೆಯ ನಡುವೆ
ಪೆನ್ನು ಹಿಡಿದು ನಿಂತವಳೂ ಒಂದು ತಲೆ.
ನನ್ನನ್ನು ಸೇರಿಸಿದರೆ ನಲವತ್ತೇಳು,
ಆಗ ಮೂಲೆ ನಿಲ್ಲಲು ಏಳು ಸಾಲದು,
ಏಳು ಮತ್ತು ಚೂರು ಬೇಕು.
ಚೂರು ಮನುಷ್ಯರನ್ನು ಎಲ್ಲಿಂದ ತರುವುದು?
ನಾನು ಇದ್ದೇನೆ ಎಂದರೆ ಫೆಲಿಕ್ಸನ ಮೂಲೆ ಮುರಿಯುತ್ತದೆ,
ನಾನು ಅಲ್ಲಿಗೇ ನಡೆದರೆ ಉಳಿಯುತ್ತದೆ.
ಇಪ್ಪತ್ತು ಹೆಜ್ಜೆ. ನೆಲದಲ್ಲಿ ಐಸಿನ ನೀರು.
ಯಾರೂ ನನ್ನ ತೋಳು ಎಳೆಯಲಿಲ್ಲ.

ಒಂದು ಕಾಲು ಎತ್ತಿದ್ದೆ.

ಫೋನು ಬಂತು.
ಯಾವ ಮೂಲೆಯಲ್ಲೂ ನಿಂತಿರದ ಹೆಸರು,
ಎರಡೆರಡು ಸಲ ಕೇಳಿ ಬರೆದುಕೊಳ್ಳಬೇಕಾದ ಹೆಸರು.
ಜೈಕಾರ ಧಣಿಯ ಮೂಲೆಯಿಂದಲೇ ಶುರುವಾಯಿತು.
ದತ್ತಾರಾಮ ಐಸ್ ಪೆಟ್ಟಿಗೆಯ ಮೇಲೆ ಕೂತ,
ತಣ್ಣಗಾಗುತ್ತದೆ ಏಳು ಅಂದರೂ ಏಳಲಿಲ್ಲ.

"ಕಿವಿರು ಎತ್ತಿ ಕೆಂಪು ನೋಡದೆ
ಒಂದು ಬಂಗಡೆ ಕೊಳ್ಳುವವಳಲ್ಲ ನಾನು" ಅಂದಳು ತುಳಸಕ್ಕ,
ಯಾರಿಗೂ ಅಲ್ಲ, ತನ್ನ ಬುಟ್ಟಿಗೆ.

ದೇವಗಡದ ದೀಪ ಆರುವ ಹೊತ್ತಿಗೆ ಬೋಟುಗಳು ಬಂದವು.
ಅದೇ ನೆಲದಲ್ಲಿ ತಾರ್ಲೆ ಸುರಿದು
ಅದೇ ಜನ ಸುತ್ತ ನಿಂತು ಬೆಲೆ ಕೂಗಿದರು.
ಹುಡುಗರು ಹೊಸ ಹೆಸರಿನ ಪೋಸ್ಟರಿಗೆ
ಮೈದಾಹಿಟ್ಟು ಕಲಸಲು ಬಿಸಿನೀರು ಕೇಳಿದರು.

ಐಸ್ ಬಿಲ್ಲಿನ ಹಿಂಬದಿಯಲ್ಲಿ ನನ್ನ ಲೆಕ್ಕ ಹಾಗೇ ಇತ್ತು,
ಏಳರ ಮುಂದೆ ಒಂದು ಕೂಡಿಸುವ ಗುರುತು,
ಅದರ ಮುಂದೆ ಖಾಲಿ.
ಕಾಗದ ದಂಡ ಮಾಡುವುದೇಕೆಂದು
ಕೆಳಗೇ ಬರೆದೆ:
ಗಡ್ಡೆ ನಲವತ್ತು, ಬಾಕಿ ಹನ್ನೆರಡು.