ಹಿಂಬಾಗಿಲ ಬ್ಯಾಂಡು

ನಮ್ಮ ಬ್ಯಾಂಡು ಶುರುವಾದದ್ದೇ ಕರೆಂಟು ಹೋಗಿ.
ಸಕಲೇಶಪುರದ ಕ್ಲಬ್ಬು, ಹೊಸವರ್ಷದ ರಾತ್ರಿ,
ನನ್ನ ಮೈಕು ಸತ್ತಿತು.
ಇಸಿದೋರನ ಸ್ಯಾಕ್ಸೊಫೋನು ಮಾತ್ರ
ಕತ್ತಲಲ್ಲಿ ಗೋಡೆ ತಡವುತ್ತ
ಹಿಂಬಾಗಿಲವರೆಗೂ ಹೋಯಿತು.

ಅಲ್ಲಿ ಹುಚ್ಚಯ್ಯ ತಮಟೆ ಕಾಯಿಸುತ್ತಿದ್ದ.
ಒಂದು ಪೆಟ್ಟು. ಅರ್ಧ ಪೆಟ್ಟು.
ಬೇಕೆಂದೇ ತಡಮಾಡಿ
ಇನ್ನೊಂದು.
"ಅದೇ ಕಣೋ, ಅದೇ!"
ವರ್ಷಗಟ್ಟಲೆ ಗ್ರಾಮಫೋನಿಗೆ ಕಿವಿಯಿಟ್ಟು ಹುಡುಕಿದ್ದು
ಸೌದೆ ಒಲೆಯ ಪಕ್ಕ ಸಿಕ್ಕಿತ್ತು.

ಆಮೇಲೆ ಓಲಗದ ಚೆಲುವಯ್ಯ ಬಂದ,
ಹಾರ್ಮೋನಿಯಂ ಹೊತ್ತು ಮೆಹಬೂಬಿ.
ಹನ್ನೊಂದು ವರ್ಷ, ಒಂದೇ ಮೆಟಡೋರ್.
ಆಲೂರಿನ ಮದುವೆಯಲ್ಲಿ
"ಇದೆಂಥ ಓಲಗ?" ಅಂದ ಬೀಗರೇ
ಕಾಲು ಕುಟ್ಟಿದರು.

ಕ್ಲಬ್ಬು ಮತ್ತೆ ಕರೆಯಿತು.
ಹುಚ್ಚಯ್ಯನಿಗೆ ಮಾತ್ರ ಹಿಂಬಾಗಿಲು ತೋರಿಸಿತು.
ಎಲ್ಲರೂ ಅಲ್ಲೇ ಕೂತು ನುಡಿಸಿದರು.
ಕುಣಿಯುವವರು ಒಬ್ಬೊಬ್ಬರೇ ಸೌದೆ ರಾಶಿಯತ್ತ ನಡೆದರು.
ಒಳಗೆ ಮೇಣ ತಿಕ್ಕಿದ ಖಾಲಿ ನೆಲ,
ಅದರ ಮುಂದೆ ನನ್ನ ಮೈಕು,
ಆನ್ ಆಗಿಯೇ.